ಬೋದಿಲ್ ಎಂಬ ಯಂತ್ರ

ನಮ್ಮ ಬೀದಿಯ ಪ್ರೇಬೆನ್ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಈ ಸಂಗತಿ ಕೇಳಿದವರೆಲ್ಲ ಕೊನೆಗೆ ನನ್ನನ್ನು ಅದನ್ನೇ ಕೇಳುತ್ತಾರೆ. ಅವನಿಗಿದ್ದ ದೌರ್ಬಲ್ಯ ಒಂದೇ, ತನ್ನನ್ನು ಯಾರಾದರೂ ಗಮನಿಸಬೇಕು ಎಂಬ ಆಸೆ. ಡೆನ್ಮಾರ್ಕಿನ ಹೋಲ್ಮ್‌ಬಿಯಂಥ ಸಣ್ಣ ಊರಿನಲ್ಲಿ, ಮೇಯರನ್ನೂ ಹೆಸರು ಹಿಡಿದೇ ಕರೆಯುವ, ಯಾರನ್ನೂ ಯಾರಿಗಿಂತ ಹೆಚ್ಚೆಂದು ಕಾಣದ ಜಾಗದಲ್ಲಿ, ಆ ಆಸೆ ಈಡೇರುವುದು ಬಹಳ ಕಷ್ಟ.

ಅವನು ಪುರಸಭೆಯ ಸಹಾಯವಾಣಿಯಲ್ಲಿ ಫೋನ್ ಎತ್ತುವ ಕೆಲಸದಲ್ಲಿದ್ದ. ನಮ್ಮಲ್ಲಿ ಮನೆಯ ಕಸವನ್ನು ಹತ್ತು ಬಗೆ ಮಾಡಿ ಬೇರೆ ಬೇರೆ ಡಬ್ಬಕ್ಕೆ ಹಾಕಬೇಕು. ಹಾಲಿನ ಪೊಟ್ಟಣ ಎಲ್ಲಿಗೆ, ಪಿಜ್ಜಾ ತಂದ ಎಣ್ಣೆ ಜಿಡ್ಡಿನ ರಟ್ಟು ಎಲ್ಲಿಗೆ ಎಂಬ ಚಿಂತೆಯಲ್ಲಿ ಗೃಹಸ್ಥರು ಸೊರಗುತ್ತಾರೆ. ಸೊರಗಿದವರು ಸಹಾಯವಾಣಿಗೆ ಫೋನ್ ಮಾಡುತ್ತಾರೆ. ಅಲ್ಲಿ ಇದ್ದದ್ದು ಎರಡು ಕುರ್ಚಿ. ಒಂದರಲ್ಲಿ ಪ್ರೇಬೆನ್, ಇನ್ನೊಂದರಲ್ಲಿ ಬೋದಿಲ್. ಬೋದಿಲ್ ನಿಧಾನದ ಹೆಂಗಸು. ರಟ್ಟಿನ ವಿಷಯ ಮುಗಿದ ಮೇಲೆ ಮೊಣಕಾಲು ನೋವಿನ ವಿಷಯಕ್ಕೆ ಬರುತ್ತಿದ್ದಳು, ಆಮೇಲೆ ಮೊಮ್ಮಗಳ ಮದುವೆಗೆ. ಪ್ರೇಬೆನ್ ಹಾಗಲ್ಲ, ಬೇಗ ಉತ್ತರ ಕೊಡುತ್ತಿದ್ದ, ಅರ್ಧಕ್ಕರ್ಧ ತಪ್ಪು ಕೊಡುತ್ತಿದ್ದ. ಪ್ರೇಬೆನ್ ಹೇಳಿದ ಡಬ್ಬಕ್ಕೆ ಹಾಕಿದ್ದನ್ನು ಮಾರನೆಯ ದಿನ ಬೋದಿಲ್ ಹೇಳಿದ ಡಬ್ಬಕ್ಕೆ ಬದಲಾಯಿಸುವುದು ಊರಿನ ರೂಢಿಯಾಗಿತ್ತು.

ಇಲ್ಲಿ ಯಾರ ಹುಟ್ಟುಹಬ್ಬವೋ ಅವರ ಮೇಜಿನ ಮೇಲೆ ಬೆಳಿಗ್ಗೆ ಒಂದು ಪುಟ್ಟ ಬಾವುಟ ನಿಂತಿರಬೇಕು. ಪ್ರೇಬೆನ್‌ಗೆ ಅರವತ್ತು ತುಂಬಿದ ದಿನ ಬಾವುಟ ಇರಲಿಲ್ಲ. ಅದನ್ನು ಇಡುತ್ತಿದ್ದವಳು ಬೋದಿಲ್, ಅವಳು ಅಂದು ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದಳು. ಇದು ಪ್ರೇಬೆನ್‌ಗೂ ಗೊತ್ತಿತ್ತು. ಆದರೆ ಕಚೇರಿಯಲ್ಲಿ ಇನ್ನಷ್ಟು ಜನ ಇದ್ದಾರಲ್ಲ, ಅವರಿಗೆ ಕಣ್ಣಿಲ್ಲವೇ? ಅವನು ಮಧ್ಯಾಹ್ನದವರೆಗೆ ಕಾದ. ಯಾರೋ ಒಬ್ಬರು ಬಂದು ಸ್ಟೇಪ್ಲರ್ ಕೇಳಿದರು. ಅಷ್ಟೆ. ಊಟದ ಹೊತ್ತಿಗೆ ಅವನು ವಿಭಾಗದ ಮುಖ್ಯಸ್ಥೆ ಬಿರ್ಗಿಟ್‌ಗೆ ರಾಜೀನಾಮೆ ಕಳಿಸಿದ, ಯಾರಾದರೂ ಓಡಿ ಬಂದು ಬೇಡ ಅನ್ನಲಿ ಎಂದು ಕೋಟು ಹಾಕಿಕೊಂಡು ಕೂತ. ಕೋಪನ್‌ಹೇಗನ್ನಿನಲ್ಲಿ ಸಭೆಯಲ್ಲಿದ್ದ ಬಿರ್ಗಿಟ್‌ಳಿಂದ ಉತ್ತರ ಬಂತು: "ಸರಿ ಪ್ರೇಬೆನ್, ಒಳ್ಳೆಯದಾಗಲಿ." ಪಕ್ಕದಲ್ಲಿ ಒಂದು ನಗುವ ಮುಖದ ಚಿತ್ರ. ಉಳಿದಿದ್ದ ರಜೆಯನ್ನೆಲ್ಲ ಸೇರಿಸಿ ಅವನು ಅಲ್ಲಿಂದಲೇ ಮನೆಗೆ ಬಂದ.

ಸಂಜೆ ಊಟಕ್ಕೆ ಹೆಂಡತಿ ಗ್ರೇಟೆ ಹಂದಿ ಮಾಂಸ ಹುರಿದಿದ್ದಳು. ಬೇಲಿಯ ಆಚೆಯವನೆಂದು ನನ್ನನ್ನೂ ಕರೆದಿದ್ದರು. ಗ್ರೇಟೆಯ ತಮ್ಮ ಫ್ಲೆಮಿಂಗ್ ಕೂಡ ಬಂದಿದ್ದ. ಕಾರು ಮಾರುವ ಅಂಗಡಿ ಇಟ್ಟವನು, ಪ್ರೇಬೆನ್‌ನನ್ನು ಕಂಡರೆ ಚುಡಾಯಿಸದೆ ಬಿಡದವನು.

"ಏನ್ ಭಾವ, ಅರವತ್ತಾಯ್ತು ಅಂತ ಇಷ್ಟು ದುಃಖಾನಾ? ಮುಖ ನೋಡಿದ್ರೆ ಅರವತ್ತಾಗಿ ಬಹಳ ವರ್ಷ ಆದ ಹಾಗಿದೆ."

"ಕೆಲಸ ಹೋಯ್ತು," ಎಂದ ಪ್ರೇಬೆನ್.

ಗ್ರೇಟೆಯ ಕೈಯ ಸೌಟು ನಿಂತಿತು. "ಹೋಯ್ತಾ? ಯಾರು ತೆಗೆದ್ರು?"

ಬಾವುಟ ಇಡಲಿಲ್ಲ ಎಂದು ನಾನೇ ಬಿಟ್ಟು ಬಂದೆ ಎಂದು ಫ್ಲೆಮಿಂಗ್‌ನ ಎದುರಿಗೆ ಹೇಳುವುದಾದರೂ ಹೇಗೆ? ಅದೇ ಹೊತ್ತಿಗೆ ಅಡುಗೆಮನೆಯ ರೇಡಿಯೋದಲ್ಲಿ ಯಾರೋ ಅರ್ಥಶಾಸ್ತ್ರಜ್ಞರು ಮುಂದಿನ ಕಾಲದ ಬಗ್ಗೆ ಮಾತಾಡುತ್ತಿದ್ದರು. ಪ್ರೇಬೆನ್ ತಟ್ಟೆ ನೋಡುತ್ತಾ ಹೇಳಿದ, "ಯಾರೂ ತೆಗೀಲಿಲ್ಲ. ಕೃತಕ ಬುದ್ಧಿಮತ್ತೆ ಬಂತು."

ಫ್ಲೆಮಿಂಗ್ ಫೋರ್ಕ್ ಕೆಳಗಿಟ್ಟ. ನನಗೆ ಗೊತ್ತಿದ್ದಂತೆ ಅವನು ಮಾಂಸ ಅರ್ಧದಲ್ಲಿ ನಿಲ್ಲಿಸಿದ್ದು ಅದೇ ಮೊದಲು.

"ಪೇಪರ್‌ನಲ್ಲಿ ಓದಿದ್ದೆ," ಎಂದ ಮೆಲ್ಲಗೆ. "ನಮ್ಮ ಮನೇಲೇ ಆಗುತ್ತೆ ಅಂದ್ಕೊಂಡಿರ್ಲಿಲ್ಲ. ಭಾವ, ಇನ್ನೊಂದು ಲೋಟ ತಗೋ." ಎದ್ದು ತಾನೇ ಸುರಿದುಕೊಟ್ಟ. ಪ್ರೇಬೆನ್‌ನ ಮುಖ ಅರಳಿತು. ನಾಳೆ ಬೆಳಿಗ್ಗೆ ಗ್ರೇಟೆಯೊಬ್ಬಳಿಗೆ ನಿಜ ಹೇಳಿದರಾಯಿತು ಎಂದುಕೊಂಡನಂತೆ. ಬೆಳಿಗ್ಗೆ ಅವನು ಏಳುವ ಮೊದಲೇ ಗ್ರೇಟೆ ತನ್ನ ಇಬ್ಬರು ಅಕ್ಕಂದಿರಿಗೂ ಚರ್ಚಿನ ಹಾಡಿನ ತಂಡಕ್ಕೂ ಸುದ್ದಿ ಮುಟ್ಟಿಸಿದ್ದಳು.

ಕೆಲಸ ಹೋದವರು ಉದ್ಯೋಗ ಕಚೇರಿಗೆ ಹೋಗಿ ಹೆಸರು ಬರೆಸಬೇಕು. ಅಲ್ಲಿ ಮಲೇನೆ ಎಂಬ ಹುಡುಗಿ ಅವನ ಹೆಸರು ಹುಡುಕಿ ಹುಬ್ಬು ಗಂಟಿಕ್ಕಿದಳು.

"ನೀವೇ ರಾಜೀನಾಮೆ ಕೊಟ್ಟಿದ್ದೀರಿ ಅಂತಿದೆಯಲ್ಲ?"

"ಹಾಗಂತ ಇರುತ್ತೆ," ಎಂದು ಪ್ರೇಬೆನ್ ಕಿಟಕಿಯ ಕಡೆ ನೋಡಿದ.

"ಒತ್ತಾಯ ಮಾಡಿದ್ರಾ?"

"ನಾನು ಯಾರ ಮೇಲೂ ದೂರು ಹೇಳೋನಲ್ಲ. ಯಂತ್ರ ಬಂದ ಮೇಲೆ ಮನುಷ್ಯ ಎದ್ದು ಹೋಗ್ಬೇಕು. ಅಷ್ಟೆ."

ಮಲೇನೆ ಪೆನ್ನು ಕೆಳಗಿಟ್ಟು ಅವನ ಎರಡೂ ಕೈ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನೀರು ಬಂದಿತ್ತು. ಅದಕ್ಕೆ ಕಾರಣ ಇತ್ತು. ಯಂತ್ರದಿಂದ ಕೆಲಸ ಕಳೆದುಕೊಂಡವರಿಗೆ ಹೊಸ ದಾರಿ ತೋರಿಸಲು ಸರ್ಕಾರ ಒಂದು ತರಗತಿ ತೆರೆದಿತ್ತು. ಗ್ರಂಥಾಲಯದ ಮಹಡಿಯಲ್ಲಿ ಕೋಣೆ, ಮೇಷ್ಟ್ರು, ಕಾಫಿ ಯಂತ್ರ ಎಲ್ಲ ಸಿದ್ಧವಿತ್ತು. ಆದರೆ ಹೋಲ್ಮ್‌ಬಿಯಲ್ಲಿ ಯಂತ್ರದಿಂದ ಯಾರ ಕೆಲಸವೂ ಹೋಗಿರಲಿಲ್ಲ. ಮೇಷ್ಟ್ರು ಪ್ರತಿದಿನ ಬಂದು, ಖಾಲಿ ಬೆಂಚು ನೋಡಿ, ಕಾಫಿ ಕುಡಿದು ಹೋಗುತ್ತಿದ್ದರು.

"ನಿಮಗೋಸ್ಕರಾನೇ ಕಾಯ್ತಿದ್ವಿ ಪ್ರೇಬೆನ್," ಎಂದಳು ಮಲೇನೆ.

ಅವನ ಜೀವನದಲ್ಲಿ ಈ ಮಾತನ್ನು ಯಾರೂ ಹೇಳಿರಲಿಲ್ಲ. ಅಂಥವನು ಅಲ್ಲಿ ನಿಜ ಹೇಳಿಬಿಡಬೇಕಿತ್ತು ಎಂದು ನಾನು ಇಲ್ಲಿ ಕೂತು ಹೇಳುವುದು ಸುಲಭ.

ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ನಮ್ಮ ಎದುರು ಮನೆಯಲ್ಲಿ ಐನರ್ ಇದ್ದ. ಹೆಂಡತಿ ತೀರಿಕೊಂಡ ಮೇಲೆ ಈ ಮುದುಕ ಸಹಾಯವಾಣಿಗೆ ಪದೇ ಪದೇ ಫೋನ್ ಮಾಡುತ್ತಿದ್ದ. ಅವನ ಮನೆಯ ಕಸ ಅಷ್ಟೇನೂ ಇರಲಿಲ್ಲ, ಸಂದೇಹಗಳು ಮಾತ್ರ ಬಹಳ. ಬೋದಿಲ್‌ಳ ಧ್ವನಿ ಅವನಿಗೆ ಚೆನ್ನಾಗಿ ಪರಿಚಯ, ಮುಖ ಕಂಡಿರಲಿಲ್ಲ. ಅವನು ಬೇಲಿಯ ಬಳಿ ಪ್ರೇಬೆನ್‌ನನ್ನು ನಿಲ್ಲಿಸಿದ.

"ನಿನ್ನ ಜಾಗಕ್ಕೆ ಯಂತ್ರ ಬಂತಂತೆ. ಆದ್ರೆ ನಾನು ಯಾವಾಗ ಫೋನ್ ಮಾಡಿದ್ರೂ ಬೋದಿಲ್ಲೇ ಎತ್ತುತ್ತಾಳಲ್ಲ?"

ಪ್ರೇಬೆನ್ ಮೋಡ ನೋಡಿದ, ಬೇಲಿಯ ಎಲೆ ಕಿತ್ತ, ಆಮೇಲೆ ಹೇಳಿದ, "ಈಗಿನ ಯಂತ್ರಗಳು ಯಾರ ಧ್ವನೀಲಿ ಬೇಕಾದ್ರೂ ಮಾತಾಡ್ತವೆ."

ಮಾತು ಸುಳ್ಳಲ್ಲ. ಆದರೆ ಐನರ್ ನೇರ ಒಳಗೆ ಹೋಗಿ ಫೋನ್ ಎತ್ತಿದ. ಕಿವಿ ಮಂದವಾದ್ದರಿಂದ ಅವನು ಫೋನಿನ ಧ್ವನಿ ಹೆಚ್ಚಿಸಿಕೊಂಡಿರುತ್ತಿದ್ದ. ಆ ಸಂಭಾಷಣೆ ಬೀದಿಗೆಲ್ಲ ಕೇಳಿತು.

"ಪುರಸಭೆ ಸಹಾಯವಾಣಿ, ನಾನು ಬೋದಿಲ್."

"ಹಾಗಂತ ಹೇಳು ಅಂತ ನಿನಗೆ ಕಲಿಸಿದ್ದಾರೆ. ನಿಜ ಹೇಳು, ನೀನು ಯಂತ್ರ ತಾನೆ?"

"ಐನರ್, ಹುಷಾರಾಗಿದ್ದೀರಾ?"

"ವಿಷಯ ಬದಲಾಯಿಸ್ಬೇಡ. ಮನುಷ್ಯಳೇ ಆಗಿದ್ರೆ ನಿನ್ನ ಅಜ್ಜಿ ಹೆಸರೇನು ಹೇಳು."

"ಕರೆನ್ ಮರೀಯ."

ಐನರ್ ಫೋನ್ ಇಟ್ಟು ಹೊರಗೆ ಬಂದು ನನಗೆ ಹೇಳಿದ, "ನೋಡಿದ್ಯಾ? ತಕ್ಷಣ ಹೇಳ್ತು. ಮನುಷ್ಯರಾದ್ರೆ ಸ್ವಲ್ಪ ನೆನಪು ಮಾಡ್ಕೋತಾರೆ."

ಆ ವಾರದಿಂದ ಊರಿಗೆ ಊರೇ ಬೋದಿಲ್‌ಳನ್ನು ಪರೀಕ್ಷೆ ಮಾಡತೊಡಗಿತು. ಒಬ್ಬ ಹದಿನೇಳನ್ನು ಮೂವತ್ತೆಂಟರಿಂದ ಗುಣಿಸು ಅಂದ. ಅವಳು ನನಗೆ ಬರೋದಿಲ್ಲ ಅಂದಳು. ಪುರಸಭೆಯವರು ಅಗ್ಗದ ಯಂತ್ರ ತಂದಿದ್ದಾರೆ ಎಂದು ಅವನು ಸುದ್ದಿ ಹಬ್ಬಿಸಿದ. ಇನ್ನೊಬ್ಬಳು ಹಾಡು ಅಂದಳು. ಬೋದಿಲ್ ಸಿಟ್ಟಿನಿಂದ ಫೋನ್ ಇಟ್ಟಳು. "ಸಿಟ್ಟು ಬರೋ ಹಾಗೆ ಕೂಡ ಮಾಡಿದ್ದಾರೆ, ಅಬ್ಬಾ ವಿಜ್ಞಾನ," ಎಂದು ಬೇಕರಿಯಲ್ಲಿ ಮಾತಾಯಿತು. ಊಟದ ಹೊತ್ತಿಗೆ ಯಂತ್ರ ಯಾಕೆ ಉತ್ತರಿಸುವುದಿಲ್ಲ ಎಂದು ನಿವೃತ್ತ ಮೇಷ್ಟ್ರೊಬ್ಬರು ಪತ್ರಿಕೆಗೆ ಬರೆದರು.

ಬೋದಿಲ್ ಪ್ರೇಬೆನ್‌ಗೆ ಫೋನ್ ಮಾಡಿದಳು. ಅವನು ಆಗ ಹಿತ್ತಲಿನ ಗಾಜಿನ ಮನೆಯಲ್ಲಿ ಟೊಮೇಟೊ ಗಿಡಕ್ಕೆ ಕೋಲು ಕಟ್ಟುತ್ತಿದ್ದ, ನಾನು ದಾರ ಹಿಡಿದಿದ್ದೆ.

"ಪ್ರೇಬೆನ್, ಜನ ನನ್ನ ಯಂತ್ರ ಅಂತಿದ್ದಾರೆ ಕಣೋ."

"ಜನಕ್ಕೆ ಬೇರೆ ಏನು ಕೆಲಸ."

"ನೀನೇನಾದ್ರೂ ಹೇಳಿದ್ಯಾ?"

"ನಾನಾ? ನಾನು ಮನೆ ಬಿಟ್ಟು ಹೊರಗೇ ಹೋಗ್ತಿಲ್ಲ."

ಅವಳು ಕೇಳಿದಳು, "ವಾಪಸ್ ಯಾವಾಗ ಬರ್ತೀಯ?"

"ನೋಡೋಣ," ಎಂದು ಪ್ರೇಬೆನ್ ಫೋನ್ ಇಟ್ಟ. ಸೋಮವಾರ ಹೋಗಿ ಎಲ್ಲ ಸರಿಮಾಡಿ ಬರುತ್ತೇನೆ ಎಂದು ನನಗೆ ಹೇಳಿದ. ನನಗೆ ಆಗ ಅರ್ಥವಾಗಲಿಲ್ಲ, ಸರಿಮಾಡಲು ಏನಿದೆ ಎಂದು.

ಸೋಮವಾರ ಮೇಯರ್ ಆಸ್ಗರ್ ಅವನ ಮನೆಗೇ ಬಂದರು, ಜೊತೆಗೆ ಪತ್ರಿಕೆಯವನು. ಆಸ್ಗರ್ ಒಳ್ಳೆಯ ಮನುಷ್ಯ, ನಿದ್ದೆಗೆಟ್ಟ ಮನುಷ್ಯ. ಊರಿನಲ್ಲಿ ಮುದುಕರು ಹೆಚ್ಚುತ್ತಿದ್ದರು, ತೆರಿಗೆ ಕಟ್ಟುವವರು ಕಡಿಮೆಯಾಗುತ್ತಿದ್ದರು, ವೃದ್ಧರ ಮನೆಗೆ ಹೋಗಿ ಸ್ನಾನ ಮಾಡಿಸಲು ಜನ ಸಿಗುತ್ತಿರಲಿಲ್ಲ.

"ಲೆಕ್ಕ ಸರಳ ಪ್ರೇಬೆನ್," ಎಂದರು ಗ್ರೇಟೆ ಕೊಟ್ಟ ಕೇಕು ತಿನ್ನುತ್ತಾ. "ಫೋನ್ ಎತ್ತೋ ಕೈಗಳ ಕೆಲಸ ಯಂತ್ರಕ್ಕೆ ಕೊಟ್ರೆ, ಆ ಕೈಗಳು ಮುದುಕರ ಬೆನ್ನು ತಿಕ್ಕೋಕೆ ಸಿಗ್ತವೆ. ಬೆಳವಣಿಗೆ ಅಂದ್ರೆ ಅದೇ. ಅದು ಇಲ್ದಿದ್ರೆ ನಮ್ಮ ಆಸ್ಪತ್ರೆ, ಶಾಲೆ, ಪಿಂಚಣಿ ಯಾವುದೂ ಉಳಿಯಲ್ಲ. ಎಲ್ಲ ಊರವರೂ ಬರೀ ಮಾತಾಡ್ತಿದ್ದಾರೆ, ನಾವು ಮಾಡಿ ತೋರಿಸಿದ್ದೀವಿ. ನಿಮ್ಮ ಕುರ್ಚಿ ಖಾಲಿ ಇದೆ, ಫೋನ್ ಮಾತ್ರ ನಿಂತಿಲ್ಲ."

ಈ ವಾದದಲ್ಲಿ ದಡ್ಡತನವೇನೂ ಇರಲಿಲ್ಲ. ಇಂದಿಗೂ ನನಗೆ ಅದಕ್ಕೆ ಉತ್ತರ ಹೊಳೆದಿಲ್ಲ. ಅದು ನಿಂತಿದ್ದ ನೆಲ ಮಾತ್ರ ಪೊಳ್ಳಾಗಿತ್ತು.

"ನಾನೇ ಶುಕ್ರವಾರ ಫೋನ್ ಮಾಡಿ ನೋಡಿದೆ," ಎಂದು ಆಸ್ಗರ್ ಮುಂದುವರಿಸಿದರು. "ಅದಕ್ಕೆ ನೆಗಡಿ ಬೇರೆ ಆಗಿತ್ತು. ಆ ಸೀನು ಎಷ್ಟು ಸಹಜ ಅಂತೀರಿ."

ಪ್ರೇಬೆನ್ ಬಾಯಿ ತೆರೆದ. ಪತ್ರಿಕೆಯವನು ಫೋಟೋ ತೆಗೆದ. ಬಾಯಿ ತೆರೆದ ಆ ಫೋಟೋ ಮೊದಲ ಪುಟದಲ್ಲಿ ಬಂತು, ಕೆಳಗೆ "ಭವಿಷ್ಯವನ್ನು ಕಂಡ ಮನುಷ್ಯ" ಎಂದಿತ್ತು. ಫ್ಲೆಮಿಂಗ್ ಅದನ್ನು ಕತ್ತರಿಸಿ ಅಂಗಡಿಯ ಗಾಜಿಗೆ ಅಂಟಿಸಿದ.

ಸತ್ಯ ಗೊತ್ತಿದ್ದ ಇನ್ನೊಬ್ಬಳು ಬಿರ್ಗಿಟ್. ತನ್ನ ವಿಭಾಗದಲ್ಲಿ ಯಂತ್ರವೇ ಇಲ್ಲ, ಇರುವುದು ನೆಗಡಿಯಾದ ಬೋದಿಲ್ ಎಂದು ಅವಳು ಹೇಳಬಹುದಿತ್ತು. ಆದರೆ ಆಸ್ಗರ್ ಅವಳನ್ನು ಪುರಸಭೆಯ ತುಂಬಿದ ಸಭೆಯಲ್ಲಿ ಎಬ್ಬಿಸಿ ನಿಲ್ಲಿಸಿ ಚಪ್ಪಾಳೆ ಹೊಡೆಸಿಬಿಟ್ಟರು. ಚಪ್ಪಾಳೆ ಮುಗಿಯುವಷ್ಟರಲ್ಲಿ ಹೇಳುವ ಹೊತ್ತು ಮೀರಿತ್ತು. ಆಮೇಲೆ ಸದಸ್ಯನೊಬ್ಬ ಎದ್ದು, ಯಂತ್ರ ಒಳ್ಳೆಯದೇ, ಆದರೆ ನಿಧಾನ, ಊಟಕ್ಕೆ ಹೋಗುತ್ತದೆ, ಕೇಳದ ವಿಷಯವೆಲ್ಲ ಮಾತಾಡುತ್ತದೆ, ಇದಕ್ಕಿಂತ ಹೊಸ ಮಾದರಿ ಸಿಗುವುದಿಲ್ಲವೇ ಎಂದು ಕೇಳಿದ. ಸಭೆ ಒಪ್ಪಿತು. ಬಿರ್ಗಿಟ್ ಹೊರಗೆ ಬಂದು, ಸಿಕ್ಕ ಮೊದಲ ಕಂಪನಿಗೆ ಫೋನ್ ಮಾಡಿ, ನಿಜವಾದ ಯಂತ್ರವನ್ನೇ ತರಿಸಿದಳು.

ಹೀಗೆ, ಹಳೆಯ ಯಂತ್ರವೆಂದು ಬೋದಿಲ್‌ಳನ್ನು ತೆಗೆದರು.

ನಮ್ಮಲ್ಲಿ ಕೆಲಸದಿಂದ ತೆಗೆಯುವಾಗ ಯಾರೂ ಗದರಿಸುವುದಿಲ್ಲ. ಎಲ್ಲರೂ ಅಪ್ಪಿಕೊಳ್ಳುತ್ತಾರೆ, ಕೇಕು ಕತ್ತರಿಸುತ್ತಾರೆ, ಬಿರ್ಗಿಟ್ ಅಂತೂ ಬಿಕ್ಕಿ ಬಿಕ್ಕಿ ಅತ್ತಳಂತೆ. ಮನೆ ನಡೆಯಲು ಸರ್ಕಾರ ಕೊಡುತ್ತದೆ, ಹೊಸ ವಿದ್ಯೆ ಕಲಿಸುತ್ತದೆ. ಯಾರ ಮೇಲೆ ಸಿಟ್ಟಾಗಬೇಕು ಎಂದು ಹುಡುಕಿದರೆ ಒಬ್ಬರೂ ಸಿಗುವುದಿಲ್ಲ.

ಹೊಸ ಯಂತ್ರ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಯಾವ ರಟ್ಟು ಯಾವ ಡಬ್ಬಕ್ಕೆ ಎಂದು ಒಮ್ಮೆಯೂ ತಪ್ಪಲಿಲ್ಲ. ಐನರ್ ಒಬ್ಬನೇ ಗೊಣಗಿದ.

"ಹಳೇ ಯಂತ್ರಾನೇ ಚೆನ್ನಾಗಿತ್ತು ಮಾರಾಯ. ಇದೂ ಮೊಣಕಾಲು ಹೇಗಿದೆ ಅಂತ ಕೇಳುತ್ತೆ. ನಾನು ಹೇಳಿದ್ರೆ ಡಾಕ್ಟ್ರ ನಂಬರು ಕೊಡುತ್ತೆ. ನನ್ನ ಹತ್ರ ಡಾಕ್ಟ್ರ ನಂಬರಿದೆ."

"ಹಳೇದು ಯಂತ್ರ ಆಗಿರ್ಲಿಲ್ಲ ಐನರ್," ಎಂದೆ. ಬೋದಿಲ್‌ಳ ಬೀಳ್ಕೊಡುಗೆಯ ಸುದ್ದಿ ಕೇಳಿ ಅಷ್ಟರಲ್ಲಿ ನನಗೆ ವಿಷಯ ತಿಳಿದಿತ್ತು. "ಅದು ಬೋದಿಲ್ಲೇ."

ಅವನು ತೆರೆದಿದ್ದ ಕಸದ ಡಬ್ಬದ ಮುಚ್ಚಳ ಮತ್ತೆ ಮುಚ್ಚಿದ. "ನಾನವಳ ಅಜ್ಜಿ ಹೆಸರು ಕೇಳಿಬಿಟ್ನಲ್ಲ," ಎಂದು ಒಳಗೆ ಹೋದ.

ಇತ್ತ ಪ್ರೇಬೆನ್ ತರಗತಿ ಮುಗಿಸಿದ್ದ. ಅವನ ಸೊಂಟ ಮುದುಕರನ್ನು ಎತ್ತಿ ಇಳಿಸುವ ಕೆಲಸಕ್ಕೆ ಆಗುವುದಿಲ್ಲ ಎಂದು ವೈದ್ಯರು ಹೇಳಿದ್ದರಿಂದ ಮಲೇನೆ ಅವನನ್ನು ಭಾಷಣಕಾರನನ್ನಾಗಿ ಮಾಡಿದ್ದಳು. "ನನ್ನ ಕೆಲಸ ಹೋಯಿತು, ನನ್ನ ಊರು ಬೆಳೆಯಿತು" ಎಂದು ಅವನು ಊರೂರು ತಿರುಗಿ ಮಾತಾಡುತ್ತಿದ್ದ. ಬೋದಿಲ್‌ಗೆ ಆದದ್ದು ತಿಳಿದಾಗ ಮೂರು ಭಾಷಣ ಒಪ್ಪಿಕೊಂಡಾಗಿತ್ತು. ಒಮ್ಮೆ ಅವಳ ಮನೆಯ ಬಾಗಿಲವರೆಗೂ ಹೋಗಿದ್ದನಂತೆ. ಗಂಟೆ ಒತ್ತದೆ ವಾಪಸ್ ಬಂದ.

ಕೊನೆಗೆ ನಮ್ಮ ಊರಿನದೇ ತರಗತಿಗೆ ಅವನನ್ನು ಕರೆದರು. ಆ ಕೋಣೆ ಈಗ ಖಾಲಿ ಇರಲಿಲ್ಲ. ಬೇರೆ ಊರಿನ ಪುರಸಭೆಗಳು ಹೋಲ್ಮ್‌ಬಿಯನ್ನು ನೋಡಿ ಕಲಿತಿದ್ದವು, ಬ್ಯಾಂಕು, ವಿಮಾ ಕಚೇರಿಯವರೂ ಕಲಿತಿದ್ದರು. ಗ್ರೇಟೆಯ ಒತ್ತಾಯಕ್ಕೆ ನಾನೂ ಹೋಗಿ ಹಿಂದೆ ಕೂತಿದ್ದೆ. ಮುಂದಿನ ಸಾಲಿನಲ್ಲಿ, ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು, ಬೋದಿಲ್ ಕೂತಿದ್ದಳು.

ಪ್ರೇಬೆನ್ ಅವಳನ್ನು ನೋಡಿದ. ಕಾಗದ ನೋಡಿದ. ಕಾಗದ ಮಡಿಸಿ ಜೇಬಿಗೆ ಹಾಕಿಕೊಂಡ.

"ನನ್ನ ಕೆಲಸ ಯಂತ್ರ ತೆಗೀಲಿಲ್ಲ," ಎಂದ. "ಯಂತ್ರಾನೇ ಇರ್ಲಿಲ್ಲ. ಹುಟ್ಟುಹಬ್ಬಕ್ಕೆ ಮೇಜಿನ ಮೇಲೆ ಬಾವುಟ ಇಟ್ಟಿಲ್ಲ ಅಂತ ನಾನೇ ಬಿಟ್ಟು ಬಂದೆ. ಮನೇಲಿ ಹೇಳೋಕೆ ನಾಚಿಕೆ ಆಯ್ತು. ಅದಕ್ಕೆ ಸುಳ್ಳು ಹೇಳ್ದೆ. ಆ ಸುಳ್ಳಿನಿಂದ ಬೋದಿಲ್ ಕೆಲಸ ಹೋಯ್ತು."

ಆಮೇಲೆ ಮಲೇನೆ ಎದ್ದು ಬಂದು ಅವನ ಭುಜದ ಮೇಲೆ ಕೈಯಿಟ್ಟಳು.

"ನೋಡಿ, ಇದನ್ನ ನಾವು ಮೊದಲ ತರಗತೀಲೇ ಮಾತಾಡಿದ್ವಿ," ಎಂದಳು ಎಲ್ಲರಿಗೂ ಕೇಳುವಂತೆ. "ಕೆಲಸ ಕಳಕೊಂಡವರು ತಪ್ಪೆಲ್ಲ ತಮ್ಮದೇ ಅಂದ್ಕೊಳ್ತಾರೆ. ಪ್ರೇಬೆನ್ ಇಷ್ಟು ದಿನ ಆದ್ಮೇಲೂ ಅದರಿಂದ ಹೊರಗೆ ಬಂದಿಲ್ಲ. ಇಷ್ಟು ಧೈರ್ಯವಾಗಿ ತೋರಿಸಿಕೊಟ್ಟಿದ್ದಕ್ಕೆ ಅವರಿಗೆ ಥ್ಯಾಂಕ್ಸ್ ಹೇಳೋಣ."

ಜನ ಚಪ್ಪಾಳೆ ತಟ್ಟಿದರು. ವಿಮಾ ಕಚೇರಿಯ ಒಬ್ಬ ಕಣ್ಣೊರೆಸಿಕೊಂಡ. "ನಾನು ನಿಜ ಹೇಳ್ತಿದೀನಿ," ಎಂದು ಪ್ರೇಬೆನ್ ಅಂದಷ್ಟೂ ಚಪ್ಪಾಳೆ ಜಾಸ್ತಿಯಾಯಿತು. ಹೊರಗೆ ಮೊಗಸಾಲೆಯಲ್ಲಿ ಆಸ್ಗರ್ ಸಿಕ್ಕರು. ಪ್ರೇಬೆನ್ ಅವರ ತೋಳು ಹಿಡಿದು ನಿಲ್ಲಿಸಿ ಅದನ್ನೇ ಮತ್ತೆ ಹೇಳಿದ. ಆಸ್ಗರ್ ಪೂರ್ತಿ ಕೇಳಿಸಿಕೊಂಡರು, ನಂಬಿದರು ಕೂಡ.

"ಇರಬಹುದು ಪ್ರೇಬೆನ್," ಎಂದರು ಸುಸ್ತಾದ ಧ್ವನಿಯಲ್ಲಿ. "ಆದ್ರೆ ಈಗ ಅದು ನಿಜ ಆಗಿಹೋಗಿದೆಯಲ್ಲ. ಉಳಿದ ಸಂಬಳದಲ್ಲಿ ಒಬ್ಬಳನ್ನ ಮುದುಕರ ಆರೈಕೆಗೆ ತಗೊಂಡಿದ್ದೀವಿ. ಅವಳನ್ನ ಹೋಗು ಅನ್ನಲಾ?"

ಬೋದಿಲ್ ಬಸ್ ನಿಲ್ದಾಣದಲ್ಲಿ ಕೂತಿದ್ದಳು. ಗಾಳಿ ಜೋರಾಗಿತ್ತು. ಪ್ರೇಬೆನ್ ಹೋಗಿ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ಅಲ್ಲಿ ನಡೆದ ಮಾತನ್ನು ಅವನೇ ನನಗೆ ಆಮೇಲೆ ಹೇಳಿದ. ಏನನ್ನೂ ಸೇರಿಸದೆ ಅವನು ಹೇಳಿದ ಸಂಗತಿ ಬಹುಶಃ ಅದೊಂದೇ.

"ನೀನಾದ್ರೂ ನಂಬಿದ್ಯಾ?" ಎಂದು ಕೇಳಿದನಂತೆ.

"ನನಗೆ ಮೊದಲಿಂದ್ಲೂ ಗೊತ್ತು. ಹಲ್ಲು ಕೀಳಿಸ್ಕೊಂಡು ಮಾರನೇ ದಿನ ಬಂದೆ, ನೀನಿಲ್ಲ. ಏನಾಗಿರುತ್ತೆ ಅಂತ ಗೊತ್ತಾಯ್ತು. ಎಷ್ಟು ವರ್ಷ ಪಕ್ಕದಲ್ಲಿ ಕೂತಿದ್ದೀನಿ ನಿನ್ನ."

"ಮತ್ತೆ ಯಾರಿಗೂ ಯಾಕೆ ಹೇಳ್ಲಿಲ್ಲ?"

"ನೀನು ವಾಪಸ್ ಬರ್ತೀಯ ಅಂದ್ಕೊಂಡೆ. ಬಿರ್ಗಿಟ್ ಬೇರೆ ಯಾರನ್ನಾದ್ರೂ ತಗೊಳ್ತೀನಿ ಅಂದ್ಲು. ಬೇಡ, ಸಿಟ್ಟು ಇಳಿದ ಮೇಲೆ ಬರ್ತಾನೆ, ಅಲ್ಲೀವರೆಗೂ ಎರಡು ಫೋನೂ ನಾನೇ ನೋಡ್ಕೋತೀನಿ ಅಂದೆ. ಕುರ್ಚಿ ಹಾಗೇ ಇಡಿಸಿದ್ದೆ."

ಪ್ರೇಬೆನ್‌ಗೆ ಆಗ ಅರ್ಥವಾಯಿತು. ಮೇಯರು ಕಂಡಿದ್ದ ಖಾಲಿ ಕುರ್ಚಿ, ನಿಲ್ಲದ ಫೋನು, ಊರು ಬೆರಗಾದ ಆ ಅದ್ಭುತ ಎಲ್ಲವೂ ಅವನ ಜಾಗ ಉಳಿಸಲು ಬೋದಿಲ್ ಒಬ್ಬಳೇ ಎರಡು ಫೋನೂ ಹಿಡಿದು, ನೆಗಡಿಯಲ್ಲೂ ರಜೆ ಹಾಕದೆ ಮಾಡಿದ ದುಡಿಮೆ.

"ಸಿಟ್ಟಿಲ್ವಾ ನನ್ನ ಮೇಲೆ?"

"ಇದೆ," ಎಂದಳು. "ಆದ್ರೆ ನೀನು ಇಷ್ಟು ಹತ್ರ ಕೂತಾಗ ಅದನ್ನ ಹೇಗೆ ಮಾಡೋದು ಅಂತ ಗೊತ್ತಾಗ್ತಿಲ್ಲ." ಕೈಚೀಲವನ್ನು ಹತ್ತಿರ ಎಳೆದುಕೊಂಡು, "ಓಡೆನ್ಸೆಯಲ್ಲಿ ತಂಗಿ ಮನೆಗೆ ಹೋಗ್ತಿದ್ದೀನಿ. ಇಲ್ಲಿ ಮನೇಲಿ ದಿನಾ ಬೆಳಿಗ್ಗೆ ಎದ್ದು ಯಾರ ಹತ್ರ ಮಾತಾಡ್ಲಿ?" ಎಂದಳು.

ಅವನು ಕ್ಷಮಿಸು ಅಂದನಂತೆ. ಅವಳು ತಲೆಯಾಡಿಸಿದಳಂತೆ, ಹೌದು ಎಂದೋ ಅಲ್ಲ ಎಂದೋ ಅವನಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಬಸ್ಸು ಬಂತು.

ಅವತ್ತು ಮಧ್ಯಾಹ್ನ ನಾನು ಮನೆ ಸೇರುವಷ್ಟರಲ್ಲಿ ಮಳೆ ಹಿಡಿದಿತ್ತು. ಪ್ರೇಬೆನ್ ತೊಯ್ದು ತೊಪ್ಪೆಯಾಗಿ ಬೀದಿಯ ಆ ತುದಿಯಿಂದ ನಡೆದು ಬರುವುದು ನನ್ನ ಕಿಟಕಿಗೆ ಕಾಣಿಸಿತು. ಗ್ರಂಥಾಲಯ ಊರಿನ ಇನ್ನೊಂದು ಮೂಲೆಯಲ್ಲಿದೆ. ನಾನು ಬಾಗಿಲು ತೆರೆದು ಕೇಳಿದೆ, "ಬಸ್ಸು ಸಿಗ್ಲಿಲ್ವಾ?"

"ಬಂದಿತ್ತು," ಎಂದ. "ಅವಳೂ ಅದೇ ಬಸ್ಸಿಗೆ ಹೋಗ್ಬೇಕಿತ್ತು. ಹತ್ತೋಕೆ ನನಗೆ ಆಗ್ಲಿಲ್ಲ."